ಅಪಾಸ್ಟ್ರಫಿ ಕಲಿಸ್ಲಿಕ್ಕೆ ನಮ್ಮ ಕನ್ನಡ ಸಾಕು

ಇಂಗ್ಲಿಷ್ ಹೋಮ್‌ವರ್ಕ್ ಅಂದ ಕೂಡಲೆ ಕನ್ನಡ ಸಾಲ್ಯಾಗ ಕಲ್ತ ಎಷ್ಟೋ ತಾಯಂದ್ರು "ಅದನ್ನ ನಿಮ್ಮಪ್ಪಗ ಕೇಳು, ಇಲ್ಲಾ ಟ್ಯೂಷನ್ ಟೀಚರ್‌ಗೆ ಕೇಳು" ಅಂತ ಕೈ ಬಿಡ್ತಾರ. ಉಳಿದದ್ದರ ಮಾತು ಬ್ಯಾರೆ. ಆದ್ರ ಇಂಗ್ಲಿಷಿನ್ಯಾಗ ಒಂದು ವಿಷಯ ಅದ, ಅದನ್ನ ಕನ್ನಡ ಬಲ್ಲ ತಾಯಿಗಿಂತ ಛಲೋ ಕಲಿಸವರು ಯಾರೂ ಇಲ್ಲ ಅಂತ ನನ್ನ ವಾದ. ಅದಽ ಅಪಾಸ್ಟ್ರಫಿ. ಅಕ್ಷರದ ಪಕ್ಕಕ್ಕ, ಮ್ಯಾಲೆ ತೂಗು ಹಾಕಿದ ಅಲ್ಪವಿರಾಮದಂಥಾ ಸಣ್ಣ ಗೀರು.

ಮಕ್ಕಳು ಇದರಾಗ ಯಾಕ ತಪ್ತಾರ ಅಂದ್ರ, ಈ ಗೀರಿಗೆ ದನಿನಽ ಇಲ್ಲ. ಕನ್ನಡದಾಗ ನಾವು ಅಂದದ್ದನ್ನ ಬರೀತೀವಿ, ಬರದದ್ದನ್ನ ಓದ್ತೀವಿ. ಹುಡುಗರು, ಹುಡುಗನ, ಹುಡುಗರ, ಇವು ಮೂರೂ ಕಿವಿಗೆ ಬ್ಯಾರೆ ಬ್ಯಾರೆ ಕೇಳಸ್ತಾವ. ಇಂಗ್ಲಿಷಿನ್ಯಾಗ ಮೂರೂ 'ಬಾಯ್ಸ್' ಅಂತಽ ಕೇಳಸ್ತಾವ. ಬರಿಯೂದು ಮಾತ್ರ ಮೂರು ನಮೂನಿ.

ಎಷ್ಟೋ ಸಾಲ್ಯಾಗ ಇದನ್ನ ಗಡಿಬಿಡಿಲೆ ಹೇಳಿ ಮುಂದಿನ ಪಾಠಕ್ಕ ಹೋಗಿಬಿಡ್ತಾರ. ಕೂಸು ಎಸ್ ಕಂಡಲ್ಲೆಲ್ಲಾ ಗೀರು ಎಳೀತದ. ಕೆಂಪು ಶಾಯಿ ಬೀಳ್ತದ. ಮುಂದಿನ ಸಲ ಎಲ್ಲಾ ಕಡೆ ಬಿಡ್ತದ, ಮತ್ತ ಕೆಂಪು ಶಾಯಿ. ಯಾಕ ಅಂತ ಹೇಳವರಿಲ್ಲ. ನಮ್ಮ ಓಣಿಯ ಆರನೇತ್ತಾ ಹುಡುಗಿಯೊಬ್ಬಳು ಒಂದಽ ಪುಟದಾಗ ಏಳು ಕೆಂಪು ಗೋಲ ಹಾಕಿಸ್ಕೊಂಡು ಬಂದು, "ನನಗ ಇಂಗ್ಲಿಷ್ ಬರೂದಿಲ್ಲ ಬಿಡ್ರಿ ಕಾಕು" ಅಂದ್ಲು. ನೋಡಿದ್ರ ಏಳೂ ಇದಽ ಒಂದು ತಪ್ಪು. ಒಂದು ಗೀರಿನ ಸಲುವಾಗಿ ಇಡೀ ಭಾಷಾನಽ ಬರೂದಿಲ್ಲ ಅಂತ ಹತ್ತು ವರ್ಷದ ಕೂಸು ನಂಬಿದ್ರ, ಅದಕ್ಕಿಂತ ದೊಡ್ಡ ನುಕ್ಸಾನ ಏನದ?

ಉಪಾಯ ನಮ್ಮ ಹೈಸ್ಕೂಲ್ ವ್ಯಾಕರಣದಾಗಽ ಅದ. ಉ, ಅನ್ನು, ಇಂದ, ಗೆ ಅಂತ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯ ನೆನಪು ಮಾಡ್ಕೋರಿ. ಷಷ್ಠಿಗೆ 'ಅ'. ರಾಮನ, ಸೀತೆಯ, ಮನೆಯ. ಗೀರು ಎಳಿಯೂಕಿಂತ ಮೊದ್ಲ ಆ ಮಾತನ್ನ ಕನ್ನಡದಾಗ ಅನ್ನಸ್ರಿ. 'ಹುಡುಗರು' ಅಂತ ಬಂದ್ರ ಅದು ಬರೇ ಬಹುವಚನ, ಗೀರು ಬ್ಯಾಡ. 'ಹುಡುಗನ' ಅಂತ ಬಂದ್ರ ಒಬ್ಬ ಹುಡುಗನ ಹೆಸರು ಪೂರ್ತಿ ಬರದು, ಗೀರು ಹಾಕಿ, ಆಮ್ಯಾಲೆ ಎಸ್. 'ಹುಡುಗರ' ಅಂತ ಬಂದ್ರ ಎಸ್ ಹಚ್ಚಿದ ಬಹುವಚನ ಪೂರ್ತಿ ಬರದು, ಕಡೀಕ ಗೀರು. ಬೆಂಗಳೂರಾಗ 1865ರಾಗ ಸುರು ಆದ ಬಿಷಪ್ ಕಾಟನ್ ಬಾಯ್ಸ್ ಸ್ಕೂಲಿನ ಹೆಸರಾಗ ಗೀರು ಎಸ್ ಆದಮ್ಯಾಲೆ ಅದ. ಯಾಕಂದ್ರ ಅದು ಒಬ್ಬ ಹುಡುಗನ ಸಾಲಿ ಅಲ್ಲ, ಹುಡುಗರ ಸಾಲಿ.

ಸೆಪ್ಟೆಂಬರ್ 5ರ ಟೀಚರ್ಸ್ ಡೇನೂ ಹಂಗಽ. ಶಿಕ್ಷಕರ ದಿನ, ಗೀರು ಕಡೀಕ. ನವೆಂಬರ್ 14ರ ಚಿಲ್ಡ್ರನ್ಸ್ ಡೇಕ್ಕ ಮಾತ್ರ ಎಸ್‌ಗಿಂತ ಮೊದ್ಲ ಬರ್ತದ. ಮಕ್ಕಳು ಅನ್ನೂದಕ್ಕ 'ಚಿಲ್ಡ್ರನ್' ಅಂದ್ರಽ ಸಾಕು, ಅದರಾಗ ಎಸ್ ಇಲ್ಲ. ಮಾಲಕರು ಯಾರು ಅಂತ ಪೂರ್ತಿ ಬರದು ಆಮ್ಯಾಲೆ ಗೀರು ಹಾಕೂದು, ಇಷ್ಟಽ ಸೂತ್ರ.

ಕನ್ನಡದ ಲೆಕ್ಕ ಒಂದು ಕಡೆ ತಾಳಿ ಆಗೂದಿಲ್ಲ, ಅದನ್ನೂ ಹೇಳಿಬಿಡ್ತೀನಿ. ನಾವು 'ಅಮ್ಮಂದಿರ ದಿನ' ಅಂತೀವಿ, ಆದ್ರ ಮದರ್ಸ್ ಡೇಕ್ಕ ಗೀರು ಎಸ್‌ಗಿಂತ ಮೊದ್ಲಽ ಅದ. ಅಮೆರಿಕಾದಾಗ ಆ ದಿನ ಸುರು ಮಾಡಿದ ಆನಾ ಜಾರ್ವಿಸ್ ಅವರದು ಅದಽ ಹಟ ಇತ್ತು. ಜಗತ್ತಿನ ತಾಯಂದಿರ ದಿನ ಅಲ್ಲ, ಒಬ್ಬೊಬ್ಬರು ತಮ್ಮ ತಮ್ಮ ತಾಯಿಯ ನೆನಪು ಮಾಡೋ ದಿನ ಅಂತ. 1914ರಾಗ ಅಧ್ಯಕ್ಷ ವಿಲ್ಸನ್ ಘೋಷಣಾ ಹೊರಡಿಸಿದಾಗೂ ಹಂಗಽ ಬರದ್ರು.

ಇನ್ನ ಈ ಗೀರಿನ ಎರಡನೇ ಕೆಲಸ. ಸ್ತೋತ್ರದ ಪುಸ್ತಕದಾಗ 'ಶಿವೋಽಹಂ' ಅಂತ ನೋಡಿರ್ತೀರಿ. ನಡುವಿನ ಆ ಅವಗ್ರಹ, ಇಲ್ಲೊಂದು 'ಅ' ಬಿಟ್ಟುಹೋಗೇದ ಅಂತ ತೋರಸ್ತದ. ನಮ್ಮ ಧಾರವಾಡ ಕಡೆ ಬರವಣಿಗ್ಯಾಗ ದನಿ ಎಳಿಯಲಿಕ್ಕೆ ಅದನ್ನಽ ಬಳಸ್ತೀವಿ, ಆ ಮಾತು ಬ್ಯಾರೆ. 'ಡು ನಾಟ್' ಹೋಗಿ 'ಡೋಂಟ್' ಆದಾಗ ಬರೋ ಗೀರಿನ ಕೆಲಸ ಥೇಟ್ ಅವಗ್ರಹದ್ದಽ. ಮಾಲಕರ ಗೀರೂ ಮೂಲದಾಗ ಹಂಗಽ. ಹಳೇ ಇಂಗ್ಲಿಷಿನ್ಯಾಗ ಷಷ್ಠಿಗೆ 'ಎಸ್' ಜೋಡಿ 'ಇ' ಅಕ್ಷರಾನೂ ಇರ್ತಿತ್ತು, ಅದು ಬಿದ್ದುಹೋದ ಜಾಗಾ ಇದು. ಗುರುತು ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದಾಗ, ಫ್ರೆಂಚಿನಿಂದ.

ಎಲ್ಲಾರೂ ಎಡವೂದು 'ಇಟ್ಸ್' ಅನ್ನೋ ಕಡೆ. ಕನ್ನಡದಾಗ 'ಅದರ' ಅಂತ ಬಂದ್ರ ಗೀರು ಬ್ಯಾಡ. 'ಇಟ್ ಈಸ್' ಅಂತ ಬಿಡಿಸಿ ಓದಿದ್ರ ವಾಕ್ಯ ಸರಿ ಹೊಂದ್ತಂದ್ರ ಗೀರು ಬೇಕು. 'ನಾಯಿ ಅದರ ಬಾಲ ಅಲ್ಲಾಡಸ್ತು' ಅನ್ನೋದನ್ನ ಬಿಡಿಸಿ ಓದ್ರಿ, 'ನಾಯಿ ಅದು ಅದ ಬಾಲ' ಅಂತ ಆಗ್ತದ, ಮಕ್ಕಳು ನಕ್ಕುಬಿಡ್ತಾವ. ಷಷ್ಠಿ ಇದ್ರೂ ಗೀರು ಯಾಕಿಲ್ಲ ಅಂತ ಕೇಳಿದ್ರ, 'ಹಿಸ್' ಅಂದ್ರ ಅವನ, ಅದಕ್ಕೂ ಗೀರಿಲ್ಲ ನೋಡು, ಸರ್ವನಾಮಕ್ಕ ಬ್ಯಾಡ ಅನ್ರಿ.

"ಇಂಗ್ಲೆಂಡಿನವರಽ ಬಿಡ್ಲಿಕ್ಕತ್ಯಾರ, ನಮಗ್ಯಾಕ?" ಅಂತ ಕೆಲವರು ಕೇಳ್ತಾರ. ಖರೆ ಅದ. ಬರ್ಮಿಂಗ್‌ಹ್ಯಾಮ್ ನಗರದವರು 2009ರಾಗ ರಸ್ತೆ ಫಲಕದಾಗ ಈ ಗೀರು ಬ್ಯಾಡ ಅಂದ್ರು. ವಾಟರ್‌ಸ್ಟೋನ್ಸ್ ಅನ್ನೋ ಪುಸ್ತಕದ ಅಂಗಡಿ 2012ರಾಗ ತನ್ನ ಹೆಸರಿನಿಂದ ಕಿತ್ತು ಹಾಕ್ತು. ಜಾನ್ ರಿಚರ್ಡ್ಸ್ ಅನ್ನೋ ನಿವೃತ್ತ ಪತ್ರಕರ್ತರು ಇದನ್ನ ಕಾಯಲಿಕ್ಕೆ 2001ರಾಗ ಒಂದು ಸಂಘಾನಽ ಕಟ್ಟಿದ್ರು. 2019ರಾಗ, 96ನೇ ವಯಸ್ಸಿಗೆ, ಅಜ್ಞಾನ ಮತ್ತು ಆಲಸ್ಯನಽ ಗೆದ್ದವು ಅಂತ ಬ್ಯಾಸರ ಮಾಡ್ಕೊಂಡು ಬಾಗಲಾ ಹಾಕಿದ್ರು. ಅಂಗಡಿ ಹೆಸರು, ರಸ್ತೆ ಹೆಸರಾಗ ಬಿಟ್ರ ಯಾರೂ ದಾರಿ ತಪ್ಪೂದಿಲ್ಲ, ಬಿಡ್ಲಿ. ವಾಕ್ಯದಾಗ ಹಂಗಲ್ಲ. 'ಐ ವಿಲ್' ಕೂಡಿಸಿ ಬರದು ಗೀರು ಮರತ್ರ ಅದು 'ಇಲ್' ಆಗ್ತದ, ಅಂದ್ರ ಜಡ್ಡು. 'ಶೀ ವಿಲ್' ಹೋಗಿ 'ಶೆಲ್', ಅಂದ್ರ ಚಿಪ್ಪು. 'ವಿ ಆರ್' ಅಂತ ನಾವು ಛಲೋ ಅದೀವಿ ಅಂತ ಬರೀಲಿಕ್ಕೆ ಹೋದ್ರ, 'ವರ್' ಅಂತಾಗಿ ಮೊದ್ಲ ಛಲೋ ಇದ್ವಿ ಅನ್ನೋ ಅರ್ಥ ಬರ್ತದ.

ಲಗ್ನಪತ್ರಿಕಿ, ಮನಿ ಫಲಕ ಬರಸೂಮುಂದೂ ಇದಽ ಪರೀಕ್ಷಾ ಮಾಡ್ರಿ. 'ಕುಲಕರ್ಣಿಯವರು ಕರೀತಾರ' ಅಂತ ಬರಸೂದಿದ್ರ ಕುಲಕರ್ಣಿಗೆ ಬರೇ ಎಸ್ ಸಾಕು. 'ಕುಲಕರ್ಣಿಯವರ ಮನಿ' ಅಂದ್ರ ಆ ಎಸ್ ಆದಮ್ಯಾಲೆ ಗೀರು.

ಹಂಗಂತ ಊರಾಗಿನ ಅಂಗಡಿ ಬೋರ್ಡ್ ಫೋಟೋ ತಗದು ನಗೂದು ನನಗ ಸೇರೂದಿಲ್ಲ. ಬಹುವಚನಕ್ಕ ಸುಮ್ಮಸುಮ್ಮನ ಗೀರು ಹಾಕೂದಕ್ಕ ಇಂಗ್ಲೆಂಡಿನ್ಯಾಗಽ 'ಕಾಯಿಪಲ್ಯೆ ಅಂಗಡಿಯವನ ಅಪಾಸ್ಟ್ರಫಿ' ಅಂತ ಹೆಸರದ. ಅಲ್ಲೇ ಹುಟ್ಟಿ ಬೆಳದವರಽ ತಪ್ಪೂಮುಂದ ನಮ್ಮ ಟೇಲರ್‌ಗೆ ಯಾಕ ನಗಬೇಕು? ನಗೋ ಬದ್ಲಿ ಯಾಕ ಅಂತ ಒಂದು ಮಾತು ಹೇಳಿದ್ರ ಆತು.

ಇವತ್ತಽ ನಿಮ್ಮ ಮನ್ಯಾಗಿನ ಹುಡುಗರ ವಹಿ ತಗೀರಿ. ಕೆಂಪು ಗೋಲ ಇದ್ದಲ್ಲೆಲ್ಲಾ 'ಹುಡುಗರು ಏನು, ಹುಡುಗನ ಏನು, ಹುಡುಗರ ಏನು?' ಅಂತ ಕೇಳ್ರಿ. ಉತ್ತರ ಅವಕ್ಕ ಮೊದ್ಲಽ ಗೊತ್ತಿರ್ತದ, ಕನ್ನಡದಾಗ.