ಮಂಡಳಿ, ನಿಗಮಗಳ ಮುಂದುವರಿಕೆಯ ನಿಯತಕಾಲಿಕ ಪರಾಮರ್ಶೆ: ಮನವಿ ಪತ್ರ

ಇವರಿಗೆ:
ಸರ್ಕಾರದ ಕಾರ್ಯದರ್ಶಿಗಳು, ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ, ಬೆಂಗಳೂರು
(ಜಿಲ್ಲಾಧಿಕಾರಿಗಳು, ಹಾಸನ, ಇವರ ಮೂಲಕ)

ವಿಷಯ: ಪರಾಮರ್ಶೆಯನ್ನು ಕಾಯ್ದೆಬದ್ಧಗೊಳಿಸಿ, ಬೆಳೆಗಾರರ ಅಹವಾಲನ್ನು ಸ್ಥಳದಲ್ಲಿಯೇ ಆಲಿಸುವ ಕುರಿತು.

ಮಾನ್ಯರೇ,

ಸರ್ಕಾರಿ ಸಂಸ್ಥೆಯೊಂದು ಮುಂದುವರಿಯಬೇಕೇ ಎಂಬುದನ್ನು ಶಾಸಕಾಂಗವು ನಿಗದಿತ ವರ್ಷಗಳಿಗೊಮ್ಮೆ ತೀರ್ಮಾನಿಸುವ, ಹಾಗೆ ಮುಂದುವರಿಸದಿದ್ದರೆ ಆ ಸಂಸ್ಥೆ ತಾನಾಗಿಯೇ ರದ್ದಾಗುವ ಪದ್ಧತಿ ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 1977ರಿಂದ ಜಾರಿಯಲ್ಲಿದ್ದು, ಅಲ್ಲಿ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ ಸಾರ್ವಜನಿಕರ ಹೇಳಿಕೆ ಪಡೆದು ಪರಾಮರ್ಶೆ ನಡೆಸಲಾಗುತ್ತದೆ. ಕರ್ನಾಟಕದಲ್ಲಿ ಈ ಕೆಲಸ ಆಗೊಮ್ಮೆ ಈಗೊಮ್ಮೆ ನೇಮಕವಾಗುವ ಆಯೋಗಗಳ ಪಾಲಿಗಿದೆ. ಇದೇ ಜಿಲ್ಲೆಯ ಹಾರನಹಳ್ಳಿ ರಾಮಸ್ವಾಮಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗ 2001ರಲ್ಲಿ ವರದಿ ನೀಡಿದ್ದು, ಟಿ.ಎಂ. ವಿಜಯಭಾಸ್ಕರ್ ಅವರ ಆಯೋಗ ಬಂದದ್ದು ಸುಮಾರು ಎರಡು ದಶಕಗಳ ಬಳಿಕ.

ಮನವಿದಾರರ ಹಾನುಬಾಳು ಹೋಬಳಿಯಲ್ಲಿ ಒಂದೇ ತೋಟದೊಳಗೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು, ಅದರ ನೆರಳಿಗೆ ಕಾಫಿ, ತಗ್ಗಿನ ತೇವದಲ್ಲಿ ಏಲಕ್ಕಿ ಇರುತ್ತವೆ. ಮಳೆ ಬಿಡದೆ ಹಿಡಿದು ಕಾಫಿಗೆ ಕೊಳೆರೋಗವೂ ಮೆಣಸಿಗೆ ಸೊರಗು ರೋಗವೂ ಒಟ್ಟಿಗೆ ತಗುಲಿದಾಗ, ಬೆಳೆಗಾರರು ಕಾಫಿ ಮಂಡಳಿ, ಸ್ಪೈಸಸ್ ಬೋರ್ಡ್ ಎಂದೇ ಬಳಕೆಯಲ್ಲಿರುವ ಸಾಂಬಾರ ಮಂಡಳಿ, ತೋಟಗಾರಿಕೆ ಇಲಾಖೆ ಎಂಬ ಮೂರು ಕಚೇರಿಗಳ ನಡುವೆ ಅಲೆಯಬೇಕಾಗುತ್ತದೆ. ಆದ್ದರಿಂದ ಸಂಸ್ಥೆಗಳ ವಿಲೀನ ಎಂಬ ಮಾತು ಇಲ್ಲಿ ಅಪ್ರಿಯವೇನಲ್ಲ. 1965ರ ಕಾಯ್ದೆಯಡಿ ಸ್ಥಾಪನೆಯಾದ ಏಲಕ್ಕಿ ಮಂಡಳಿಯು 1986ರ ಕಾಯ್ದೆಯ ಮೂಲಕ ಸಾಂಬಾರ ಮಂಡಳಿಯಲ್ಲಿ ಸೇರಿದಾಗ ಏಲಕ್ಕಿಯ ಸಾಗುವಳಿ, ಸಂಶೋಧನೆಗಳ ಹೊಣೆಯನ್ನು ಕಾಯ್ದೆಯಲ್ಲಿಯೇ ಬರೆದಿದ್ದರಿಂದ, ಮಂಡಳಿಯ ಹೆಸರು ಹೋದರೂ ಸಕಲೇಶಪುರದ ಸಂಶೋಧನಾ ಕೇಂದ್ರದ ಕೆಲಸ ಉಳಿಯಿತು. ಕಾಫಿಯನ್ನು ಕಡ್ಡಾಯವಾಗಿ ಒಟ್ಟುಗೂಡಿಸಿ ಮಾರುವ ಪೂಲ್ ವ್ಯವಸ್ಥೆ 1996ರಲ್ಲಿ ಕೊನೆಗೊಂಡಾಗ, ಉದ್ದೇಶ ತೀರಿತೆಂದು ಕಾಫಿ ಮಂಡಳಿಯನ್ನೇ ಮುಚ್ಚಿದ್ದರೆ, ಅದು ಬಾಳೆಹೊನ್ನೂರಿನಲ್ಲಿ ನಡೆಸುವ ಕಾಂಡಕೊರಕ ಕೀಟದ ಸಂಶೋಧನೆಗೆ ವಾರಸುದಾರರಿರುತ್ತಿರಲಿಲ್ಲ. 2022ರಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು 1942ರ ಕಾಫಿ ಕಾಯ್ದೆಯ ರದ್ದತಿಗೆ ಕರಡು ಮಸೂದೆ ಪ್ರಕಟಿಸಿದ್ದರಿಂದ ಈ ಪ್ರಶ್ನೆ ಹಳೆಯದಾಗಿಲ್ಲ.

ಈ ಕಾರಣಗಳಿಂದ, ರಾಜ್ಯದ ಪ್ರತಿ ಮಂಡಳಿ, ನಿಗಮದ ಪರಾಮರ್ಶೆಗೆ ಕಾಯ್ದೆಯಲ್ಲಿಯೇ ಅವಧಿ ಗೊತ್ತುಪಡಿಸಬೇಕೆಂದೂ, 1991ರ ಕಾಯ್ದೆಯ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯಿಂದಲೇ ಅದನ್ನು ಆರಂಭಿಸಬೇಕೆಂದೂ ಮನವಿದಾರರು ಕೋರುತ್ತಾರೆ. ಮುಚ್ಚುವ ಅಥವಾ ವಿಲೀನಗೊಳಿಸುವ ಆದೇಶದಲ್ಲಿ ಯಾವ ಕೆಲಸ, ಯಾವ ಅನುದಾನ, ಯಾವ ಸಿಬ್ಬಂದಿ ಎಲ್ಲಿಗೆ ಹೋಗುತ್ತದೆಂಬುದನ್ನು ನಮೂದಿಸದೆ ಆದೇಶ ಜಾರಿಯಾಗಬಾರದು. ಕೇಂದ್ರದ ಮಂಡಳಿಗಳ ವಿಚಾರದಲ್ಲಿ ರಾಜ್ಯವು ಇದೇ ನಿಲುವನ್ನು ವಾಣಿಜ್ಯ ಸಚಿವಾಲಯಕ್ಕೆ ಲಿಖಿತವಾಗಿ ತಿಳಿಸಬೇಕು. ಸಾರ್ವಜನಿಕ ವಿಚಾರಣೆಯನ್ನು ಬೆಂಗಳೂರಿಗೆ ಸೀಮಿತಗೊಳಿಸದೆ ಸಕಲೇಶಪುರ, ಆಲೂರುಗಳಲ್ಲಿಯೂ ನಡೆಸಿ, ಸಣ್ಣ ಬೆಳೆಗಾರರೂ ತೋಟದ ಕಾರ್ಮಿಕರೂ ಬರಲು ಸಾಧ್ಯವಾಗುವಂತೆ ಕಾಫಿ ಕೊಯ್ಲಿನ ಹಾಗೂ ಜಡಿಮಳೆಯ ತಿಂಗಳುಗಳನ್ನು ಬಿಟ್ಟು ದಿನಾಂಕ ಗೊತ್ತುಪಡಿಸಬೇಕು.

ತಮ್ಮ ವಿಶ್ವಾಸಿಗಳು,
ಹಾನುಬಾಳು ಹೋಬಳಿಯ ಬೆಳೆಗಾರರು ಮತ್ತು ತೋಟದ ಕಾರ್ಮಿಕರು
(ಸಹಿಗಳನ್ನು ಲಗತ್ತಿಸಿದೆ)