ಶಸ್ತ್ರಚಿಕಿತ್ಸಕರ ಫಲಿತಾಂಶ ಬಹಿರಂಗವಾಗಬೇಕೆ?

ಬಿಡಿಭಾಗ ಪೂರೈಸುವವರ ತಿರಸ್ಕೃತ ಮಾಲಿನ ಪ್ರಮಾಣವನ್ನು ಪರಿಶೀಲಿಸದೆ ನಾವು ಮರು ಆರ್ಡರ್ ಕೊಡುವುದಿಲ್ಲ. ಆದರೆ ಎದೆಗೂಡು ತೆರೆದು ಹೃದಯಕ್ಕೆ ಕೈಹಾಕುವ ವೈದ್ಯರನ್ನು ಆರಿಸುವಾಗ ನೆಂಟರಿಷ್ಟರ ಮಾತೇ ನಮಗೆ ಆಧಾರ. ಈ ವಿಷಯದಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅನುಭವ ಗಮನಾರ್ಹವಾದುದು.

ಅಲ್ಲಿನ ಆರೋಗ್ಯ ಇಲಾಖೆಯು 1989ರಿಂದ ಬೈಪಾಸ್ ಶಸ್ತ್ರಚಿಕಿತ್ಸೆಗಳ ವಿವರ ಸಂಗ್ರಹಿಸತೊಡಗಿತು. 1990ರಲ್ಲಿ ಆಸ್ಪತ್ರೆವಾರು ಅಂಕಿ-ಅಂಶಗಳನ್ನು ಪ್ರಕಟಿಸಿತಾದರೂ ವೈದ್ಯರ ಹೆಸರು ಕೊಡಲಿಲ್ಲ. ‘ನ್ಯೂಸ್‌ಡೇ’ ಪತ್ರಿಕೆಯು ನ್ಯಾಯಾಲಯದ ಮೆಟ್ಟಿಲೇರಿ ಗೆದ್ದ ಮೇಲಷ್ಟೇ, 1991ರಲ್ಲಿ, ಹೆಸರುಸಹಿತ ಫಲಿತಾಂಶ ಹೊರಬಂದಿತು. ರೋಗಿಗಳ ಸ್ಥಿತಿಗತಿಗೆ ಸರಿಹೊಂದಿಸಿದ ಮರಣ ಪ್ರಮಾಣವು 1989ರಲ್ಲಿ ಶೇ. 4.17 ಇದ್ದುದು 1992ರ ವೇಳೆಗೆ ಶೇ. 2.45ಕ್ಕೆ ಇಳಿಯಿತು. ಇದರ ಶ್ರೇಯಸ್ಸೆಲ್ಲವೂ ಪ್ರಕಟಣೆಗೇ ಸಲ್ಲದು. ಇಂತಹ ವ್ಯವಸ್ಥೆಯಿಲ್ಲದ ಕೆಲವು ರಾಜ್ಯಗಳಲ್ಲಿಯೂ ಆ ವರ್ಷಗಳಲ್ಲಿ ಮರಣ ಪ್ರಮಾಣ ತಗ್ಗಿತ್ತು.

ವೈದ್ಯರ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಹೆಸರಿಗೆ ಮಸಿ ತಗಲೀತೆಂಬ ಭಯದಿಂದ ಕಠಿಣ ರೋಗಿಗಳನ್ನೇ ದೂರವಿಡುವ ಪ್ರವೃತ್ತಿ ಬೆಳೆಯುವುದೆಂದು ಅವರು ಹೇಳುತ್ತಾರೆ. ಫೌಂಡ್ರಿ ನಡೆಸುವವರಿಗೆ ಇದು ಥಟ್ಟನೆ ಅರ್ಥವಾದೀತು. ಯಾರೂ ಒಪ್ಪದ ಜಟಿಲ ಎರಕವನ್ನು ಕೈಗೆತ್ತಿಕೊಂಡವನಿಗೆ ತಿರಸ್ಕೃತ ಮಾಲು ಹೆಚ್ಚೇ ಇರುತ್ತದೆ. ಸರಳ ಎರಕದವನೊಡನೆ ಅವನನ್ನು ಹೋಲಿಸುವುದು ಅನ್ಯಾಯ. ಆದ್ದರಿಂದಲೇ ನ್ಯೂಯಾರ್ಕಿನಲ್ಲಿ ವಯಸ್ಸು, ಮೂತ್ರಪಿಂಡದ ಸ್ಥಿತಿ, ಹೃದಯದ ಪಂಪು ಮಾಡುವ ಶಕ್ತಿ ಮುಂತಾದವುಗಳಿಂದ ನಿರೀಕ್ಷಿತ ಮರಣ ಪ್ರಮಾಣವನ್ನು ಲೆಕ್ಕಹಾಕಿ, ನಿಜವಾಗಿ ಸಂಭವಿಸಿದ್ದನ್ನು ಅದರೊಡನೆ ಹೋಲಿಸುತ್ತಾರೆ. ಆಘಾತ ಸ್ಥಿತಿಯಲ್ಲಿ ಬಂದ ಹೃದ್ರೋಗಿಗಳನ್ನು 2006ರಿಂದ ಪ್ರಕಟಣೆಯ ಲೆಕ್ಕದಿಂದಲೇ ಹೊರಗಿಡತೊಡಗಿದರು. ಇದು ತಡವಾಗಿ ಬಂದ ವಿವೇಕ.

ಇನ್ನೊಂದು ತೊಡಕು ಸಂಖ್ಯೆಯದು. ವರ್ಷಕ್ಕೆ ಐವತ್ತು ಶಸ್ತ್ರಚಿಕಿತ್ಸೆ ಮಾಡುವವರ ಕೈಯಲ್ಲಿ ಒಂದು ಸಾವು ಹೆಚ್ಚಾದರೆ ಶೇ. 2ರಷ್ಟು ವ್ಯತ್ಯಾಸ! ಆದಕಾರಣ ವೈದ್ಯರ ಫಲಿತಾಂಶವನ್ನು ಮೂರು ವರ್ಷಗಳಿಗೆ ಒಟ್ಟುಗೂಡಿಸಿ ಕೊಡಲಾಗುತ್ತದೆ.

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯು ಚಿಕಿತ್ಸಾ ದರಗಳ ಪ್ರದರ್ಶನವನ್ನು ಕಡ್ಡಾಯಗೊಳಿಸಿದೆ. ದರ ತಿಳಿಯಿತು, ಗುಣಮಟ್ಟ ತಿಳಿಯಲಿಲ್ಲ. ವೈದ್ಯರ ಹೆಸರು ಹಾಕಿ ಪಟ್ಟಿ ಹೊರಡಿಸುವ ಮೊದಲು ರೋಗಿಯ ಸ್ಥಿತಿಯನ್ನು ತೂಗುವ ಲೆಕ್ಕ ಸಿದ್ಧವಾಗಬೇಕು, ಅದಕ್ಕೆ ಮೊದಲು ಆಸ್ಪತ್ರೆಗಳು ಒಂದೇ ಮಾದರಿಯಲ್ಲಿ ದಾಖಲೆ ಇಡಬೇಕು. ಅಲ್ಲಿಯವರೆಗೆ, ಕಾರ್ಮಿಕರಿಗಾಗಿ ಸಾಮೂಹಿಕ ಆರೋಗ್ಯ ವಿಮೆ ಮಾಡಿಸುವ ನಮ್ಮ ಸದಸ್ಯರು ಆಸ್ಪತ್ರೆಗಳ ಪಟ್ಟಿಗೆ ಒಪ್ಪಿಗೆ ಕೊಡುವಾಗ, ಕಳೆದ ಮೂರು ವರ್ಷಗಳಲ್ಲಿ ಇಂತಹ ಶಸ್ತ್ರಚಿಕಿತ್ಸೆಗಳು ಎಷ್ಟು ನಡೆದಿವೆ, ಎಷ್ಟು ಮಂದಿ ಗುಣಮುಖರಾಗಿ ಮನೆಗೆ ಮರಳಿದ್ದಾರೆ ಎಂದು ಲಿಖಿತವಾಗಿ ಕೇಳಬಹುದು.