ಪುಕ್ಕಟೆ ಗೊಬ್ಬರದ ಲಾರಿ

ಕಬ್ಬು ಬೆಳೆಯೋ ನಮ್ಮ ಮಂಡ್ಯ ಕಡೆಯವರಿಗೆ ಫ್ಯಾಕ್ಟರಿ ತ್ಯಾಜ್ಯ ಗದ್ದೆಗೆ ಬರೋದು ಹೊಸ ಸುದ್ದಿಯೇನಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದ ಮೇಲೆ ಉಳಿಯುವ ಕಪ್ಪು ಮಡ್ಡಿಗೆ ಪ್ರೆಸ್‌ಮಡ್ ಅಂತಾರೆ. 100 ಟನ್ ಕಬ್ಬು ಅರೆದರೆ ಮೂರು–ನಾಲ್ಕು ಟನ್ ಮಡ್ಡಿ. ಅದರಲ್ಲಿ ಸಾವಯವ ಅಂಶ ಇದೆ, ರಂಜಕ ಇದೆ, ಸುಣ್ಣದಂಶ ಇದೆ. ಮಣ್ಣಿಂದ ಹೋದದ್ದು ಮಣ್ಣಿಗೇ ವಾಪಸ್ ಬಂದ ಹಾಗೆ.

ಹಾಗಂತ ಬಿಸಿಬಿಸಿಯಾಗಿ ತಂದು ಸುರಿಯೋ ಹಾಗಿಲ್ಲ. ಹಸಿ ಮಡ್ಡಿ ಕೊಳೆಯುವಾಗ ರಾಶಿಯೊಳಗೆ ಕೈ ಇಡಲಾಗದಷ್ಟು ಕಾವು ಏಳುತ್ತೆ. ಕಬ್ಬಿನ ಮೇಣ ಬೇರೆ ಇರೋದರಿಂದ ಬೇಗ ಕರಗಲ್ಲ. ಸಗಣಿ ನೀರು ಚಿಮುಕಿಸಿ, ಆಗಾಗ ಮಗುಚಿ, ಎರಡು–ಮೂರು ತಿಂಗಳು ಬಿಡಬೇಕು. ಮುಟ್ಟಿದರೆ ತಣ್ಣಗಿರಬೇಕು, ಮೂಸಿದರೆ ಮಣ್ಣಿನ ವಾಸನೆ ಬರಬೇಕು. ಡಿಸ್ಟಿಲರಿಯ ಸ್ಪೆಂಟ್ ವಾಶ್ ಕಥೆಯೂ ಇಂಥದ್ದೇ. ಅದರಲ್ಲಿ ಪೊಟ್ಯಾಷ್ ಹೇರಳ, ಆದರೆ ಉಪ್ಪೂ ಹೇರಳ. ಪ್ರೆಸ್‌ಮಡ್ ಜೊತೆ ಸೇರಿಸಿ ನೀರು ಇಂಗದ ನೆಲದ ಮೇಲೆ ಕಾಂಪೋಸ್ಟ್ ಮಾಡಿದರೆ ಗೊಬ್ಬರ. ಹಾಗೇ ಹರಿಬಿಟ್ಟರೆ ಬೋರ್‌ವೆಲ್ ನೀರೇ ಕೆಡಬಹುದು.

ಇಷ್ಟೆಲ್ಲ ಓದಬೇಕಾಗಿ ಬಂದದ್ದು ಅಪ್ಪನ ಒಂದು ಫೋನಿನಿಂದ. "ಲೋಡಿಗೆ ದುಡ್ಡೂ ಬೇಡ್ವಂತೆ, ಬಾಡಿಗೆನೂ ಅವರದೇ ಅಂತೆ ಕಣಪ್ಪ. ಎರಡು ಲೋಡ್ ಹೊಡೆಸ್ಬಿಡ್ಲಾ?" ಸಕ್ಕರೆ ಫ್ಯಾಕ್ಟರಿದಾ ಅಂದೆ. ಅಲ್ಲವಂತೆ, ಯಾವುದೋ ಕಂಪನಿದಂತೆ, "ಕಪ್ಪಗೆ ಗೊಬ್ಬರದ ಥರಾನೇ ಐತೆ." ಪುಕ್ಕಟೆ ಕೊಟ್ಟು, ಬಾಡಿಗೆಯನ್ನೂ ತಾವೇ ಕಟ್ಟೋದು ಯಾಕೆ ಅನ್ನೋದೇ ನನ್ನ ಅನುಮಾನ. ಎರಡು ದಿನ ತಡೆಯೋಕೆ ಹೇಳಿ, ಲಾರಿ ಏಜೆಂಟನ ಹತ್ತಿರ ಲ್ಯಾಬ್ ರಿಪೋರ್ಟ್ ಕೇಳಿದೆ. "ರಿಪೋರ್ಟ್ ಎಲ್ಲಾ ಯಾಕೆ ಸಾರ್, ಎಲ್ರೂ ಹಾಕ್ಸವ್ರೆ" ಅಂದ. ಅಪ್ಪ ಬೇಡ ಅಂದ್ರು. ಅಕ್ಕಪಕ್ಕದವರಿಗೆ ನಾವು ಹೊಟ್ಟೆಕಿಚ್ಚಿಗೆ ಬೇಡ ಅಂತಿದ್ದೀವಿ ಅಂತ ಅನ್ನಿಸಿರಬೇಕು, ಇರಲಿ.

ಯಾಕಿಷ್ಟು ಹಟ ಅಂದ್ರೆ, ಎಲೆಕ್ಟ್ರೋಪ್ಲೇಟಿಂಗ್, ಚರ್ಮ ಹದ ಮಾಡೋ ಘಟಕಗಳ ಕೆಸರಿನಲ್ಲಿ ಕ್ರೋಮಿಯಂ, ನಿಕ್ಕಲ್‌ನಂಥ ಲೋಹ ಇರುತ್ತೆ. ಎಷ್ಟು ಕೊಳೆಸಿದರೂ ಲೋಹ ಕೊಳೆಯಲ್ಲ. ಕಾಂಪೋಸ್ಟ್ ರಾಶಿ ಇಳಿದು ಅರ್ಧ ಆಗುತ್ತಲ್ಲ, ಲೋಹ ಮಾತ್ರ ಅಷ್ಟೇ ಉಳಿಯೋದರಿಂದ ಕೆಜಿ ಲೆಕ್ಕದಲ್ಲಿ ಜಾಸ್ತಿಯೇ ಆಗುತ್ತೆ. ಕೇಂದ್ರ ಸರ್ಕಾರದ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ನಗರದ ಕಾಂಪೋಸ್ಟ್‌ನಲ್ಲಿ ಕೆಜಿಗೆ ಸೀಸ 100 ಮಿಲಿಗ್ರಾಂ, ಕ್ರೋಮಿಯಂ 50, ಕ್ಯಾಡ್ಮಿಯಂ 5 ದಾಟಬಾರದು. ಆ ಮಿತಿಯಲ್ಲೇ ಇರೋ ಗೊಬ್ಬರ ಎಕರೆಗೆ ಐದು ಟನ್ ಹಾಕಿದರೂ ಅರ್ಧ ಕೆಜಿ ಸೀಸ ಗದ್ದೆಗೆ ಇಳಿದ ಹಾಗೆ. ನನ್ನ ಕೋಡ್ ಕೆಟ್ಟರೆ ಹಳೇ ವರ್ಷನ್‌ಗೆ ವಾಪಸ್ ಹೋಗ್ತೀನಿ, ಗದ್ದೆಯಿಂದ ಸೀಸ ಹೆಕ್ಕಿ ತೆಗೆಯೋದು ಹೇಗೆ?

ನಿಮ್ಮೂರಿಗೂ ಇಂಥ ಲಾರಿ ಬಂದರೆ ಫ್ಯಾಕ್ಟರಿ ಹೆಸರು, ಅಲ್ಲಿ ಏನು ತಯಾರಾಗುತ್ತೆ ಅನ್ನೋದನ್ನ ಮೊದಲು ಕೇಳಿ. ಲೋಹಗಳ ರಿಪೋರ್ಟ್ ಇಲ್ಲದೆ ಒಂದು ಬುಟ್ಟಿಯೂ ಇಳಿಸಿಕೊಳ್ಳಬೇಡಿ. ನಿಮ್ಮ ಮಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಸುಣ್ಣ ಜಾಸ್ತಿ ಇರೋ ಮಡ್ಡಿ ಹುಳಿ ಮಣ್ಣಿಗೆ ಒಳ್ಳೇದು, ಈಗಾಗಲೇ ಕ್ಷಾರವಾಗಿರೋ ಮಣ್ಣಿಗಲ್ಲ. ಕುಂಡದಲ್ಲಿ ರಾಗಿ ಚೆಲ್ಲಿ ನೋಡಿದರೆ ಗೊಬ್ಬರ ಮಾಗಿದೆಯಾ, ಉಪ್ಪು ಜಾಸ್ತಿಯಾ ಅಂತ ಒಂದು ವಾರದಲ್ಲಿ ಸುಮಾರಾಗಿ ತಿಳಿಯುತ್ತೆ. ಸೀಸ ಇದ್ದರೆ ಮಾತ್ರ ರಾಗಿ ಹಸಿರಾಗೇ ಬರಬಹುದು, ಅದಕ್ಕೆ ಲ್ಯಾಬೇ ಬೇಕು.